ಸೈಕಲ್‌ಗೆ ಒಂದೂವರೆ ಮೀಟರ್ ಬಿಡಿ

ಹಿಂದಿನಿಂದ ಬಂದ ಕಾರು ಸೈಕಲ್ ಸವಾರರ ಮೊಣಕೈ ಸವರಿದಂತೆ ಮುಂದೆ ಹೋಗುವುದು ತಪ್ಪೆಂದು ನಮ್ಮ ರಸ್ತೆಗಳಲ್ಲಿ ಹೆಚ್ಚಿನವರಿಗೆ ಅನ್ನಿಸುವುದೇ ಇಲ್ಲ. ತಗುಲಲಿಲ್ಲವಲ್ಲ, ಮತ್ತೇನು ಎಂಬುದೇ ಸಮರ್ಥನೆ. ಲೆಕ್ಕ ಹಾಕಿ ನೋಡಿ. ಹೆದ್ದಾರಿಯ ಒಂದು ಪಥದ ಅಗಲ ಸಾಮಾನ್ಯವಾಗಿ 3.5 ಮೀಟರ್. ಅಂಚಿನಲ್ಲಿ ಮರಳು, ಚರಂಡಿಯ ಜಾಲರಿ, ಕಿತ್ತ ಡಾಂಬರು ಇರುವುದರಿಂದ ಸವಾರರು ಅರ್ಧ ಮೀಟರಾದರೂ ಒಳಗೆ ತುಳಿಯಬೇಕು. ಸೈಕಲ್ಲಿನ ಹ್ಯಾಂಡಲ್ಲಿಗೆ ಸುಮಾರು 60 ಸೆಂಟಿಮೀಟರ್, ಕನ್ನಡಿಗಳೂ ಸೇರಿ ಕಾರಿಗೆ ಹತ್ತಿರಹತ್ತಿರ ಎರಡು ಮೀಟರ್. ಉಳಿಯುವುದು ಬರೀ 40 ಸೆಂಟಿಮೀಟರ್, ಅದೂ ಕಾರಿನ ಬಲಗನ್ನಡಿ ಪಥದ ಗೆರೆಯ ಮೇಲೇ ಇದ್ದರೆ. ಅಂದಮೇಲೆ ಸೈಕಲ್ ಇರುವ ಪಥದಲ್ಲೇ ಅದನ್ನು ಸುರಕ್ಷಿತವಾಗಿ ದಾಟಲು ಜಾಗವೇ ಇಲ್ಲ. ಮುಂದಿರುವುದು ಇನ್ನೊಂದು ಕಾರೇ ಎಂಬಂತೆ ಪಕ್ಕದ ಪಥಕ್ಕೆ ಪೂರ್ತಿ ಸರಿದು ಹೋಗಬೇಕು. ಆ ಪಥ ಖಾಲಿ ಇಲ್ಲದಿದ್ದರೆ ಹಿಂದೆಯೇ ಸಾಗಬೇಕು.

ಹಲವು ದೇಶಗಳು ಈ ಅಂತರವನ್ನು ಚಾಲಕರ ವಿವೇಚನೆಗೆ ಬಿಟ್ಟಿಲ್ಲ. ಜರ್ಮನಿ 2020ರಲ್ಲಿ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಎಂದು ನಿಯಮ ಮಾಡಿತು. 2022ರಲ್ಲಿ ಪರಿಷ್ಕರಿಸಿದ ಬ್ರಿಟನ್ನಿನ ಹೈವೇ ಕೋಡ್, ಗಂಟೆಗೆ 30 ಮೈಲಿವರೆಗಿನ ವೇಗಕ್ಕೆ ಕನಿಷ್ಠ 1.5 ಮೀಟರ್, ವೇಗ ಹೆಚ್ಚಿದರೆ ಇನ್ನೂ ಹೆಚ್ಚು ಎನ್ನುತ್ತದೆ. ಕಾರಣ ಸರಳ. ಸೈಕಲ್ ಗೆರೆ ಎಳೆದಂತೆ ನೇರ ಹೋಗುವ ವಾಹನವಲ್ಲ, ಸಮತೋಲನಕ್ಕಾಗಿ ಆಚೀಚೆ ವಾಲುತ್ತಲೇ ಇರುತ್ತದೆ. ಗುಂಡಿ ಕಂಡರೆ ಥಟ್ಟನೆ ಪಕ್ಕಕ್ಕೆ ಸರಿಯಲೇಬೇಕು. ಜತೆಗೆ ಗಾಳಿಯ ಹೊಡೆತ: ವಾಹನದ ವೇಗ ಇಮ್ಮಡಿಯಾದರೆ ಅದು ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರುಗಳಿಗಿಂತ ಬಸ್ಸು, ಲಾರಿಗಳೇ ಸೈಕಲ್ಲಿಗೆ ಹೆಚ್ಚು ಹತ್ತಿರದಿಂದ ಹೋಗಿದ್ದವು. ಹೆಚ್ಚು ಗಾಳಿ ತಳ್ಳುವ ವಾಹನವೇ ಕಡಿಮೆ ಜಾಗ ಬಿಡುತ್ತದೆಂದರೆ ನಾವು ಆತಂಕಪಡಲೇಬೇಕು. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳು ಓಡಿದ್ದು ಬಸ್ಸು, ಲಾರಿಗಳು ಓಡಾಡುವ ಇಂಥ ರಸ್ತೆಗಳಲ್ಲೇ.

ಬೆಂಗಳೂರಿನ ಇಕ್ಕಟ್ಟಿನಲ್ಲಿ ಒಂದೂವರೆ ಮೀಟರ್ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಜಾಗವಿಲ್ಲ ಎಂಬುದೇ ಅಲ್ಲಿ ಓವರ್‌ಟೇಕ್ ಮಾಡಬಾರದು ಎನ್ನಲು ಕಾರಣ. ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ಲಿನ ಹಿಂದೆ ನೂರು ಮೀಟರ್ ಸಾಗಲು ಹಿಡಿಯುವುದು 24 ಸೆಕೆಂಡು. ಮುಂದಿನ ಸಿಗ್ನಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇವೆ. ಸೈಕಲ್ಲಿನವರು ಅಂಚಿಗೆ ಅಂಟಿಕೊಂಡು ಹೋಗಲಿ ಎಂಬ ವಾದವೂ ನಿಲ್ಲುವುದಿಲ್ಲ. ಅಂಚಿನಲ್ಲಿ ನಿಂತ ಕಾರಿನ ಬಾಗಿಲು ಯಾವಾಗ ತೆರೆಯುತ್ತದೋ ಯಾರಿಗೂ ತಿಳಿಯದು. ರಾತ್ರಿ ದೀಪವಿಲ್ಲದೆ, ಎದುರು ದಿಕ್ಕಿನಲ್ಲಿ ಬರುವ ಸವಾರರಿದ್ದಾರೆ ಎಂಬ ದೂರು ಮಾತ್ರ ನಿಜ, ಅವರು ತಿದ್ದಿಕೊಳ್ಳಲೇಬೇಕು. ಆದರೆ ನಾವು ಬಿಡುವ ಅಂತರ ಒಳ್ಳೆಯ ನಡತೆಗೆ ಕೊಡುವ ಬಹುಮಾನವಲ್ಲ. ಜೀವಕ್ಕೆ ಕುತ್ತಾಗಬಾರದೆಂದು ಬಿಡುವ ಜಾಗ. ಎಡತಿರುವಿನಲ್ಲಂತೂ ಇನ್ನೂ ಎಚ್ಚರ ಬೇಕು. ಸೈಕಲ್ಲನ್ನು ದಾಟಿ ತಕ್ಷಣ ಎಡಕ್ಕೆ ಹೊರಳಿದರೆ ನೇರ ಬರುತ್ತಿರುವ ಸವಾರರ ದಾರಿಗೇ ಕಾರು ಅಡ್ಡ ನಿಲ್ಲುತ್ತದೆ. ತಿರುವು ಹತ್ತಿರವಿದ್ದರೆ ವೇಗ ತಗ್ಗಿಸಿ, ಸೈಕಲ್ ಮುಂದೆ ಹೋದ ಮೇಲೆ ತಿರುಗಬೇಕು. ಡ್ರೈವಿಂಗ್ ಲೈಸೆನ್ಸ್ ಕೊಡುವ ಮುನ್ನ ಆರ್‌ಟಿಒ ಇದನ್ನೂ ಪರೀಕ್ಷಿಸಲಿ.