ಮೊದಲು ಬಿದ್ದದ್ದು ಕಲ್ಲೋ, ಲಾಠಿಯೋ?

ಈಚೆಗೆ ಭಾರತೀನಗರದಲ್ಲಿ ಕಬ್ಬಿನ ಗಾಡಿಗಳ ಸಾಲಿನ ಪಕ್ಕ ನಿಂತಿದ್ದಾಗ ನಲವತ್ತರ ಆಸುಪಾಸಿನ ರೈತರೊಬ್ಬರು ನನ್ನ ಗುರುತು ಹಿಡಿದರು. ‘ಸಾರ್, ಅವತ್ತು ಕಾಲೇಜು ಗೇಟಿನ ಹತ್ತಿರ ಇದ್ದವರು ನೀವೇ ಅಲ್ಲವಾ?’ ಎಂದರು.

2003ರ ಮಾರ್ಚ್. ಇರಾಕಿನ ಮೇಲೆ ಅಮೆರಿಕದ ದಾಳಿ ಆರಂಭವಾಗಿತ್ತು. ದೂರದ ಪಟ್ಟಣವೊಂದರಲ್ಲಿ ನಾನು ದಂಡಾಧಿಕಾರಿಯಾಗಿದ್ದೆ. ಯುದ್ಧ ವಿರೋಧಿಸಿ ಮೆರವಣಿಗೆ ಹೊರಟ ವಿದ್ಯಾರ್ಥಿಗಳ ಮೇಲೆ ಲಾಠಿ ಪ್ರಹಾರ ನಡೆಯಿತು. ಕಲ್ಲು ತೂರಾಟದ ಕಾರಣ ಕನಿಷ್ಠ ಬಲ ಪ್ರಯೋಗಿಸಲಾಯಿತು ಎಂಬ ವರದಿಗೆ ನಾನು ಸಹಿ ಹಾಕಿದೆ. ಸೋದರಮಾವನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದ ಹದಿನಾರರ ಹುಡುಗನೊಬ್ಬ ಅಂದು ಸಂಜೆ ಕಚೇರಿಗೆ ಬಂದು, ಲಾಠಿ ಮೊದಲು ಬಿತ್ತು, ಕಲ್ಲು ಆಮೇಲೆ ಬಂತು ಎಂದಿದ್ದ. ಎಳೆಯ ಹುಡುಗನ ಮಾತೆಂದು ನಾನು ದಾಖಲಿಸಲಿಲ್ಲ. ಈಗ ನನ್ನೆದುರು ನಿಂತಿದ್ದವರು ಅವರೇ. ರಸ್ತೆಯಲ್ಲಿ ಉಳಿದ ಚಪ್ಪಲಿಗಳು, ತಲೆ ಒಡೆದ ಗೆಳೆಯನ ನೋಟ್‌ಬುಕ್ ಎಲ್ಲವೂ ಅವರ ನೆನಪಿನಲ್ಲಿವೆ. ನನ್ನ ಕಡತದಲ್ಲಿ ಯಾವುದೂ ಇಲ್ಲ.

1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಕಾಂಬೋಡಿಯಾಕ್ಕೆ ಯುದ್ಧ ವಿಸ್ತರಿಸಿದ್ದನ್ನು ಪ್ರತಿಭಟಿಸಿದವರತ್ತ ನ್ಯಾಷನಲ್ ಗಾರ್ಡ್ ಪಡೆ 13 ಸೆಕೆಂಡುಗಳಲ್ಲಿ 60ಕ್ಕೂ ಹೆಚ್ಚು ಗುಂಡು ಹಾರಿಸಿತು. ನಾಲ್ವರು ವಿದ್ಯಾರ್ಥಿಗಳು ಸತ್ತರು. ಅವರಲ್ಲಿ ಇಬ್ಬರು ಪ್ರತಿಭಟನಕಾರರೇ ಅಲ್ಲ. ಜೀವಭಯವೇ ಕಾರಣ ಎಂದು ಪಡೆ ಸಮರ್ಥಿಸಿಕೊಂಡಿತು. ಅಧ್ಯಕ್ಷರೇ ನೇಮಿಸಿದ ಆಯೋಗ ಅದೇ ವರ್ಷ ಗುಂಡಿನ ದಾಳಿ ಅಕ್ಷಮ್ಯವೆಂದಿತು. ಶವದ ಬಳಿ ಮಂಡಿಯೂರಿ ಚೀರುತ್ತಿದ್ದ 14ರ ಬಾಲಕಿಯ ಚಿತ್ರವನ್ನು ಜಗತ್ತಿಗೆ ಕೊಟ್ಟವನೂ ಒಬ್ಬ ವಿದ್ಯಾರ್ಥಿ.

ನಮ್ಮ ಮೈಸೂರಿನಲ್ಲೂ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಚಳವಳಿಯಲ್ಲಿ, 1947ರ ಸೆಪ್ಟೆಂಬರ್‌ನಲ್ಲಿ, ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದ. ವೃತ್ತಕ್ಕೆ ಅವನ ಹೆಸರಿದೆ. ಅವನ ಪಕ್ಕದಲ್ಲಿದ್ದ ಎಳೆಯರಲ್ಲಿ ಇಂದು ಎಷ್ಟು ಮಂದಿ ಉಳಿದಿದ್ದಾರು?

ಸಾಕ್ಷಿ ನುಡಿಯಲು ಕನಿಷ್ಠ ವಯಸ್ಸಿನ ಮಿತಿ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಪ್ರಶ್ನೆ ಗ್ರಹಿಸಿ ಉತ್ತರಿಸಬಲ್ಲ ಮಗುವೂ ಸಾಕ್ಷಿಯೇ. 2024ರ ಜುಲೈನಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಗುಂಪು ಚದುರಿಸುವ ಅಧಿಕಾರವನ್ನು ದಂಡಾಧಿಕಾರಿಗೆ ಉಳಿಸಿದೆ. ಆ ಅಧಿಕಾರದ ಜೊತೆಗೆ ಒಂದು ಹೊಣೆಯೂ ಕಡ್ಡಾಯವಾಗಲಿ: ಕಾಲೇಜು ಆವರಣದಲ್ಲಿ ಬಲಪ್ರಯೋಗ ನಡೆದರೆ ವರದಿ ಅಂತಿಮವಾಗುವ ಮೊದಲು, ಕಣ್ಣಾರೆ ಕಂಡ ವಿದ್ಯಾರ್ಥಿಗಳ ಹೇಳಿಕೆಯನ್ನು ಅವರದೇ ಮಾತಿನಲ್ಲಿ, ಘಟನೆಗೆ ಸಂಬಂಧಿಸದ ಅಧಿಕಾರಿಯೊಬ್ಬರು ಬರೆದುಕೊಳ್ಳಬೇಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತದ್ದು, ಲೆಕ್ಕಕ್ಕೆ ಸೇರದ ವೆಚ್ಚವನ್ನೂ ಯಾರಾದರೊಬ್ಬರು ತೆರುತ್ತಾರೆ ಎಂದು. ನನ್ನ ವರದಿಯ ವೆಚ್ಚವನ್ನು ಆ ಹುಡುಗ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೊತ್ತ. ಅವನು ಹೇಳಿದ್ದು ನಿಜವಾಗಿತ್ತು. ನಾನು ಸಹಿ ಹಾಕಿದ್ದು ತಪ್ಪಾಗಿತ್ತು.