ಮೊದಲು ಪ್ಯಾನಲ್, ಆಮೇಲೆ ಬಟನ್

ಸೂಕ್ಷ್ಮಬೋಧನೆಗೆ ನಾನು ಆರಿಸಿಕೊಂಡದ್ದು ಜಾವಾ ಸ್ವಿಂಗ್. ನಾನು ಹೇಳಿದಂತೆಯೇ ಸಹಪಾಠಿಯೊಬ್ಬಳು ಜೆಫ್ರೇಮ್‌ಗೆ ಮೂರು ಬಟನ್ ಸೇರಿಸಿದಳು. ತೆರೆಯಲ್ಲಿ ಕಂಡದ್ದು ಕೊನೆಯದೊಂದೇ. "ನಾನೆಲ್ಲಿ ತಪ್ಪಿದೆ?" ಎಂದಳು. ಅವಳು ತಪ್ಪಿರಲಿಲ್ಲ. ಜೆಫ್ರೇಮ್‌ನ ಮೂಲ ವಿನ್ಯಾಸ ಬಾರ್ಡರ್‌ಲೇಔಟ್. ಅದರಲ್ಲಿ 5 ಜಾಗಗಳು, ಒಂದೊಂದರಲ್ಲಿ ಒಂದೇ ಘಟಕ. ಜಾಗ ಹೇಳದಿದ್ದರೆ ಎಲ್ಲವೂ ನಡುವಿಗೇ ಹೋಗಿ, ಕೊನೆಯದಷ್ಟೇ ಕಾಣುತ್ತದೆ.

ಅವಸರದಲ್ಲಿ ನಾನು ಲೇಔಟನ್ನೇ ತೆಗೆಸಿ, ಸೆಟ್‌ಬೌಂಡ್ಸ್‌ನಲ್ಲಿ ಅಂಕಿಗಳನ್ನು ಬರೆಸಿದೆ. ಮೂರೂ ಕಂಡವು. ವಿಂಡೋ ದೊಡ್ಡದು ಮಾಡಿದಾಗ ಮೂಲೆಯಲ್ಲೇ ಉಳಿದವು. ಅವಳಿಗೆ ಉತ್ತರ ಸಿಕ್ಕಿತು, ಕಾರಣ ಸಿಗಲಿಲ್ಲ.

ಇಚಿಲಂಪಾಡಿಯ ನಮ್ಮ ಮನೆಯ ಒಗ್ಗರಣೆ ಡಬ್ಬಿ ಆಗಲೇ ನೆನಪಾಗಬೇಕಿತ್ತು. ಒಳಗೆ ಸಾಸಿವೆ, ಜೀರಿಗೆ, ಮೆಂತೆಗೆ ಬೇರೆ ಬೇರೆ ಬಟ್ಟಲು. ಡಬ್ಬಿ ಎತ್ತಿದರೆ ಎಲ್ಲವೂ ಒಟ್ಟಿಗೆ ಬರುತ್ತವೆ. ಜೆಪ್ಯಾನಲ್ ಕೂಡ ಹಾಗೆಯೇ. ಅದರ ಮೂಲ ವಿನ್ಯಾಸವಾದ ಫ್ಲೋಲೇಔಟ್ ಬಟನ್‌ಗಳನ್ನು ಸಾಲಾಗಿ ಇಡುತ್ತದೆ. ಆ ಪ್ಯಾನಲನ್ನು ಫ್ರೇಮಿನ ದಕ್ಷಿಣ ಭಾಗಕ್ಕೆ ಸೇರಿಸಿದರೆ ವಿಂಡೋ ಹಿಗ್ಗಿದರೂ ಸಾಲು ಕೆಳಗೇ, ಮಧ್ಯದಲ್ಲೇ ನಿಲ್ಲುತ್ತದೆ.

ಆದ್ದರಿಂದ ಪ್ಯಾನಲನ್ನು ಮುಂದಿನ ಪಾಠಕ್ಕೆ ತಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಮೊದಲ ದಿನವೇ ಇಷ್ಟು ಹೊಸ ಹೆಸರುಗಳು ಭಾರವಾಗುವುದಿಲ್ಲವೇ ಎಂದು ಕೇಳಬಹುದು. ಅದಕ್ಕೇ ಕಂಪ್ಯೂಟರಿಗಿಂತ ಮೊದಲು ಕಾಗದ ಕೊಡೋಣ. ವಿಂಡೋದ ಚಿತ್ರ ಬರೆಸಿ, ಒಟ್ಟಿಗಿರಬೇಕಾದವುಗಳ ಸುತ್ತ ಪೆನ್ಸಿಲಿನಲ್ಲಿ ಚೌಕ ಹಾಕಿಸೋಣ. ಪ್ರತಿ ಚೌಕವೂ ಒಂದು ಪ್ಯಾನಲ್.

ಪುನರ್‌ಬೋಧನೆಯಲ್ಲಿ ಹಾಗೆಯೇ ಮಾಡಿದೆ. ಅದೇ ಸಹಪಾಠಿ ಕೇಳಿದಳು: "ಚೌಕದೊಳಗೆ ಇನ್ನೊಂದು ಚೌಕ ಇಡಬಹುದೇ?" ಇಡಬಹುದು. ಮೊದಲ ದಿನ ತನ್ನ ತಪ್ಪು ಹುಡುಕಿದವಳು ಈಗ ಪಾಠವನ್ನು ಮುಂದಕ್ಕೆ ಒಯ್ದಿದ್ದಳು.