ನೆಲಮಾಳಿಗೆಯ ನೀರು, ನಾನು ಮರೆತ ಪಾಠ



ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ಒದ್ದೆ ಕೈಯಿಂದ ಸ್ವಿಚ್ ಮುಟ್ಟಬಾರದೆಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಒಂದು ಮಳೆಗಾಲದ ರಾತ್ರಿ, ಬೆಂಗಳೂರಿನ ಮಗನ ಮನೆಯಲ್ಲಿದ್ದಾಗ, ನೆಲಮಾಳಿಗೆಗೆ ನೀರು ನುಗ್ಗಿತೆಂಬ ಗದ್ದಲವೆದ್ದೊಡನೆ, "ಬೇಗ ಇಳಿದು ಪಂಪು ಹಾಕಪ್ಪ" ಎಂದು ಕಾವಲುಗಾರನಿಗೆ ಹೇಳಿದವನು ನಾನೇ. ಅವನು ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಮೂರನೆಯ ಮಹಡಿಯ ಗೃಹಿಣಿಯೊಬ್ಬರು, "ನಿಲ್ಲು! ಕರೆಂಟು ತೆಗೆದಿಲ್ಲ!" ಎಂದು ಕೂಗಿದರು. ಮೀಟರ್ ಬೋರ್ಡು ಇದ್ದದ್ದು ಆ ನೀರಿನ ನಡುವೆಯೇ. ವಿದ್ಯುತ್ ಕಚೇರಿಗೆ ದೂರವಾಣಿ ಮಾಡಿ, ಸರಬರಾಜು ನಿಂತ ಮೇಲೆಯೇ ಅವನು ಇಳಿದದ್ದು.

2025ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ, ನೆಲಮಾಳಿಗೆಯ ನೀರನ್ನು ಪಂಪಿನಿಂದ ಹೊರಹಾಕುವ ಯತ್ನದಲ್ಲಿ ವಿದ್ಯುದಾಘಾತವಾಗಿ ಹಿರಿಯರೊಬ್ಬರೂ ಬಾಲಕನೊಬ್ಬನೂ ಅಸುನೀಗಿದರು. 2024ರ ಜುಲೈನಲ್ಲಿ ದೆಹಲಿಯ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮೃತರಾದರು. ಓದಲು ಕುಳಿತ ಮಕ್ಕಳು! ಉಪಾಧ್ಯಾಯನಾದವನಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ಅಡಿಯ ನಿವೇಶನದ ಮೇಲೆ 100 ಮಿಲಿಮೀಟರ್ ಬಿದ್ದರೆ ಸುಮಾರು 11,000 ಲೀಟರ್. ಇಷ್ಟು ನೀರು ಎಲ್ಲಿಗೆ ಹೋಗಬೇಕು? ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವಂತೆ ಹಿರಿಯರು ಸಾಲುಕೆರೆಗಳನ್ನು ಕಟ್ಟಿದರು. ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಆ ರಾಜಕಾಲುವೆಗಳನ್ನು ಒತ್ತಿ, ಕೆರೆಯಂಗಳದಲ್ಲಿ ಮನೆ ಕಟ್ಟಿದೆವು. ಅಷ್ಟು ಸಾಲದೆಂದು ನೆಲವನ್ನೂ ಅಗೆದೆವು. ನೀರು ತಗ್ಗನ್ನು ಹುಡುಕುತ್ತದೆ. ಅದರ ಸ್ವಭಾವವನ್ನು ದೂಷಿಸಿ ಫಲವಿಲ್ಲ.

ಕಾಲುವೆಗಳ ತೆರವು ಸರ್ಕಾರದ ಕೆಲಸ, ಅದನ್ನು ಕೇಳುತ್ತಲೇ ಇರಬೇಕು. ಆದರೆ ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ಮೀಟರ್ ಬೋರ್ಡು, ಪಂಪಿನ ಸ್ವಿಚ್ಚುಗಳು ನೆಲಮಟ್ಟಕ್ಕಿಂತ ಮೇಲಿರಲಿ. ವಾಹನ ಇಳಿಯುವ ಇಳಿಜಾರಿನ ಬಾಯಲ್ಲಿ ರಸ್ತೆಗಿಂತ ಎತ್ತರದ ಉಬ್ಬು ಇರಲಿ. ಚಾವಣಿಯ ನೀರಿಗೆ ಇಂಗುಗುಂಡಿ ಇರಲಿ. ನೆಲಮಾಳಿಗೆಯಲ್ಲಿ ಯಾರೂ ಮಲಗುವುದು ಬೇಡ, ಓದುವುದೂ ಬೇಡ. ನೀರು ಬಂದಾಗ ಮೊದಲು ವಿದ್ಯುತ್ತು ನಿಲ್ಲಲಿ; ನಂತರ ಉಳಿದದ್ದು. ಮುಳುಗಿದ ಕಾರಿಗೆ ವಿಮೆಯುಂಟು.

ಮರುದಿನ ಬೆಳಿಗ್ಗೆ ಕಾವಲುಗಾರನನ್ನು ಕರೆದು, "ನನ್ನದು ತಪ್ಪಾಯಿತಪ್ಪ" ಎಂದೆ. ಅವನು ನಕ್ಕು, "ಬಿಡಿ ಸಾರ್, ನೀವು ಹೇಳದಿದ್ದರೂ ಇಳೀತಿದ್ದೆ. ನಮ್ಮ ಕೆಲಸಾನೇ ಅದಲ್ವಾ" ಎಂದ. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದು ಅವನ ಕೆಲಸವಲ್ಲ. ಹಾಗೆಂದು ಅವನಿಗೆ ತಿಳಿಸಬೇಕಾದ ಹೊಣೆ ನಮ್ಮದು. ನನ್ನ ಶಿಷ್ಯರಲ್ಲಿ ಅನೇಕರು ಇಂದು ಅಂತಹ ಸಮುಚ್ಚಯಗಳಲ್ಲಿ ವಾಸಿಸುತ್ತಿದ್ದೀರಿ. ಮುಂದಿನ ಮಳೆಗೆ ಮುನ್ನ ಒಮ್ಮೆ ಕೆಳಗಿಳಿದು, ನಿಮ್ಮ ಮೀಟರ್ ಬೋರ್ಡು ಎಲ್ಲಿದೆಯೆಂದು ನೋಡಿ ಬನ್ನಿ.